ಕರಾವಳಿ ಸರೋವರದ ಹಿಂಡಿನಲ್ಲಿ ಅಪರೂಪದ ವೇಡರ್ ಹುಡುಕುವುದು: ನೀರಿನ ಮಟ್ಟ, ಬಿಸಿಲಲೆ, ದಾಖಲೆ

ಕೆಸರುಗಾಲು:

ಮರಳುದಿಣ್ಣೆಯ ಹಿಂದಿರುವ ಲಗೂನ್. ಅಳಿವೆಯ ಬಾಯಿ ವರ್ಷದಲ್ಲಿ ಕೆಲವು ತಿಂಗಳು ತೆರೆದಿರುತ್ತದೆ, ಉಳಿದಾಗ ಮುಚ್ಚಿಕೊಳ್ಳುತ್ತದೆ. ಎರಡು ಮೂರು ಸಾವಿರ ವೇಡರ್‌ಗಳ, ಅಂದರೆ ಕೆಸರಿನಲ್ಲಿ, ತೆಳುನೀರಿನಲ್ಲಿ ನಡೆದು ಮೇಯುವ ಹಕ್ಕಿಗಳ ಹಿಂಡು, 150ರಿಂದ 300 ಮೀಟರ್ ದೂರ. ಬಹುಪಾಲು ಪುಟ್ಟ ಲಿಟಲ್ ಸ್ಟಿಂಟ್, ಸ್ಯಾಂಡ್ ಪ್ಲವರ್, ಕರ್ಲ್ಯೂ ಸ್ಯಾಂಡ್‌ಪೈಪರ್. ಕೈಯಲ್ಲಿರುವುದು 8x42 ಬೈನಾಕ್ಯುಲರ್, 20–60 ಜೂಮಿನ 80 ಮಿ.ಮೀ. ಸ್ಕೋಪ್ (ಟ್ರೈಪಾಡ್ ಮೇಲಿಡುವ ದೂರದರ್ಶಕ).

ಗ್ರೇಟ್ ನಾಟ್, ಏಷ್ಯನ್ ಡೋವಿಚರ್, ನಾರ್ಡ್‌ಮನ್ಸ್ ಗ್ರೀನ್‌ಶ್ಯಾಂಕ್, ಸ್ಪೂನ್‌ಬಿಲ್ಡ್ ಸ್ಯಾಂಡ್‌ಪೈಪರ್, ಬ್ರಾಡ್‌ಬಿಲ್ಡ್ ಸ್ಯಾಂಡ್‌ಪೈಪರ್, ಇಂಥವನ್ನು ಈ ಹಿಂಡಿನೊಳಗಿಂದ ಹೆಕ್ಕಬೇಕು. ತೊಡಕು ಮೂರು:

1. ಉಬ್ಬರ-ಇಳಿತದ ಪಟ್ಟಿಯಲ್ಲಿ ಇಳಿತ ಎಂದಿರುವ ಹೊತ್ತಿಗೆ ಕೆಸರು ತೆರೆದೇ ಇರುವುದಿಲ್ಲ. ಕೆಲವೊಮ್ಮೆ ಉಬ್ಬರದ ಹೊತ್ತಿನಲ್ಲೇ ಹೆಚ್ಚು ತೆರೆದಿರುತ್ತದೆ.
2. ಬೆಳಿಗ್ಗೆ ಎಂಟೂವರೆ ದಾಟಿದರೆ ಸ್ಕೋಪಿನಲ್ಲಿ ಎಲ್ಲವೂ ಕುದಿಯುವ ನೀರಿನ ಹಾಗೆ ಕಾಣುತ್ತದೆ.
3. ಅಪರೂಪದ್ದು ಎಂದು ದಾಖಲಿಸಿದರೆ ಪರಿಶೀಲಕರು ಒಪ್ಪಲು ಏನೇನು ಬೇಕು?

ಅಳಿವೆಬಾಯಿ:

ಮೊದಲನೆಯದಕ್ಕೆ ಉತ್ತರ ಕೊಡುತ್ತೇನೆ. ಅದು ಸರಿಹೋಗದಿದ್ದರೆ ಉಳಿದೆರಡರಿಂದ ಪ್ರಯೋಜನವಿಲ್ಲ.

ಪಟ್ಟಿಯಲ್ಲಿರುವ ಸಮಯ ಬಂದರಿನದ್ದು, ಅಂದರೆ ತೆರೆದ ಕಡಲಿನದ್ದು. ಲಗೂನಿನ ನೀರು ಕಿರಿದಾದ ಬಾಯಿಯ ಮೂಲಕವೇ ಬರಬೇಕು, ಹೋಗಬೇಕು. ಹಾಗಾಗಿ ಒಳಗಿನ ಏರಿಳಿತ ಗಂಟೆಗಟ್ಟಲೆ ತಡವಾಗುತ್ತದೆ, ಎತ್ತರವೂ ಕುಗ್ಗುತ್ತದೆ. ಬಾಯಿಯ ಹತ್ತಿರ ಮೊಣಕಾಲೆತ್ತರ ಏರುವ ನೀರು ಒಳತುದಿಯಲ್ಲಿ ನಾಲ್ಕು ಬೆರಳು ಏರಿದರೆ ಹೆಚ್ಚು. ಎಷ್ಟು ತಡ ಎನ್ನುವುದು ಬಾಯಿಯ ಅಗಲದ ಮೇಲೆ ನಿಂತಿದೆ, ಬಾಯಿ ಪ್ರತಿ ಋತುವಿಗೂ ಬದಲಾಗುತ್ತದೆ. ಅದಕ್ಕೇ ಹಳೆಯ ಲೆಕ್ಕ ನಂಬಬೇಡಿ. 5 ಸೆಂ.ಮೀ.ಗೊಂದು ಗೆರೆ ಹಾಕಿದ ಕೋಲನ್ನು ಕೆಸರಿನಂಚಿನಲ್ಲಿ ನೆಟ್ಟು, ಅರ್ಧ ಗಂಟೆಗೊಮ್ಮೆ ಓದಿ ಬರೆದುಕೊಳ್ಳಿ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಮರುದಿನ ಒಂದು ಸಲ, ಅಷ್ಟಮಿಯ ಹತ್ತಿರ ಒಂದು ಸಲ. ಈ ಎರಡು ದಿನದ ಅಂಕಿ ಇದ್ದರೆ ಬಾಯಿಯ ಆಕಾರ ಬದಲಾಗುವ ತನಕ ಸಾಕು.

ನಾಲ್ಕು ಬೆರಳು ನೀರಿಗೆ ಇಷ್ಟೆಲ್ಲ ಯಾಕೆ ಅಂದರೆ, ಇಂಥ ಸರೋವರದ ತಳ ತೀರಾ ಸಪಾಟು. ಸಾವಿರಕ್ಕೆ ಒಂದರ ಇಳಿಜಾರು ಇದ್ದಲ್ಲಿ ನೀರು 5 ಸೆಂ.ಮೀ. ಇಳಿದರೆ 50 ಮೀಟರ್ ಅಗಲದ ಪಟ್ಟಿ ತೆರೆದುಕೊಳ್ಳುತ್ತದೆ. ಹಿಂಡು ಅಷ್ಟು ಜಾಗ ಸರಿಯುತ್ತದೆ.

ಇನ್ನು ಗಾಳಿ. ಉಬ್ಬರದ ಹೊತ್ತಿನಲ್ಲಿ ಕೆಸರು ತೆರೆದಿರುವುದಕ್ಕೆ ತಡವಾದ ಇಳಿತವೂ ಕಾರಣ ಇರಬಹುದು, ಆದರೆ ನನ್ನ ಅನುಮಾನ ಗಾಳಿಯ ಮೇಲೆ. ಅಗಲವಾದ, ಆಳವಿಲ್ಲದ ನೀರಿನ ಮೇಲೆ ಒಂದೇ ದಿಕ್ಕಿನಿಂದ ಜೋರು ಗಾಳಿ ಕೆಲವು ಗಂಟೆ ಬೀಸಿದರೆ ನೀರು ಆಚೆ ದಡಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಗಾಳಿ ಬರುವ ಕಡೆಯ ದಡದಲ್ಲಿ ಕೆಸರು ತೆರೆಯುತ್ತದೆ, ಗಾಳಿ ಹೋಗುವ ಕಡೆ ಮುಳುಗುತ್ತದೆ. ಬಾಯಿ ಮುಚ್ಚಿದ ತಿಂಗಳುಗಳಲ್ಲಂತೂ ಚಂದ್ರನಿಗಿಂತ ಗಾಳಿಯ ಮಾತೇ ಹೆಚ್ಚು ನಡೆಯುತ್ತದೆ. ಹೊರಡುವ ಮುಂಚೆ ಉಬ್ಬರದ ಪಟ್ಟಿಯ ಜೊತೆಗೆ ಹಿಂದಿನ ರಾತ್ರಿಯ ಗಾಳಿಯ ದಿಕ್ಕನ್ನೂ ನೋಡಿ.

ಬಾಯಿ ಮುಚ್ಚಿದಾಗ ನೀರಿನ ಮಟ್ಟ ಮಳೆಯಿಂದ ಏರಿ ಬಿಸಿಲಿಗೆ ಆರುತ್ತದೆ. ಆರುವ ಕಾಲದಲ್ಲಿ ನೀರಂಚಿನ ಹೊಸ ಕೆಸರಿನ ಪಟ್ಟಿಯೇ ಊಟದ ಜಾಗ. ಬಿರುಕು ಬಿಟ್ಟ ಹಳೆ ಕೆಸರಿನಲ್ಲಿ ಹುಳು ಆಳಕ್ಕೆ ಹೋಗಿರುತ್ತದೆ ಅಥವಾ ಸತ್ತಿರುತ್ತದೆ, ಅಲ್ಲಿ ಪ್ಲವರ್ ನಿದ್ದೆ ಮಾಡುತ್ತವೆ ಅಷ್ಟೇ. ಬಾಯಿ ತೆರೆಯುವುದು ಬರೀ ಮಟ್ಟದ ವಿಷಯವೂ ಅಲ್ಲ. ಒಡಿಶಾದ ಚಿಲಿಕಾ ಸರೋವರಕ್ಕೆ 2000ರ ಸೆಪ್ಟೆಂಬರ್‌ನಲ್ಲಿ ಹೊಸ ಬಾಯಿ ತೋಡಿದ ಮೇಲೆ ಉಪ್ಪಿನಂಶ ಏರಿ, ಸಿಹಿನೀರಿನ ಕಳೆ ಹಿಮ್ಮೆಟ್ಟಿತು. ಕಳೆ ಮುಚ್ಚಿದ ಕೆಸರಿನಲ್ಲಿ ವೇಡರ್‌ಗೆ ಕೆಲಸವಿಲ್ಲ.

ಹೊತ್ತಿನ ಬಗ್ಗೆ: ಪೂರ್ತಿ ಇಳಿತದಲ್ಲಿ ಹೋಗಬೇಡಿ, ಹಕ್ಕಿ ಕಿಲೋಮೀಟರ್‌ಗಟ್ಟಲೆ ಚದುರಿರುತ್ತದೆ. ಒಳಗಿನ ನೀರು ಏರುವ ಕೊನೆಯ ಒಂದೂವರೆ ಗಂಟೆ ಒಳ್ಳೆಯದು. ಆಗ ಹಿಂಡು ಕಿರಿದಾದ ಪಟ್ಟಿಗೆ ಒತ್ತಿಕೊಂಡಿರುತ್ತದೆ, ಇನ್ನೂ ಮೇಯುತ್ತಿರುತ್ತದೆ. ಮೇಯುವ ಹಕ್ಕಿಯನ್ನು ಗುರುತಿಸಬಹುದು, ಕೊಕ್ಕು ಬೆನ್ನಿಗೆ ಸಿಕ್ಕಿಸಿ ಒಂಟಿಕಾಲಲ್ಲಿ ನಿಂತದ್ದನ್ನು ಗುರುತಿಸುವುದು ಕಷ್ಟ. ಅದಕ್ಕೂ ಎರಡು ಗಂಟೆ ಮುಂಚೆಯೇ ಹೋಗಿ ಕೂತುಬಿಡಿ, ನೀರೇ ಹಕ್ಕಿಗಳನ್ನು ನಿಮ್ಮತ್ತ ತಳ್ಳಿಕೊಂಡು ಬರುತ್ತದೆ. ಹಿಂಡು ಬಂದ ಮೇಲೆ ಎದ್ದು ಹತ್ತಿರ ಹೋದರೆ ಆಟ ಮುಗಿಯಿತು.

ಎಣಿಕೆಪಟ್ಟಿ:

ಹಿಂಡನ್ನು ಓದುವ ಬಗೆ ಹೇಳುತ್ತೇನೆ. ಅಪರೂಪದ್ದನ್ನು ಹುಡುಕಲು ಕೂರಬೇಡಿ. ಹಾಗೆ ಕೂತವರಿಗೆ ಪ್ರತಿ ಹತ್ತನೇ ಸ್ಟಿಂಟ್ ಅಪರೂಪವಾಗಿ ಕಾಣುತ್ತದೆ. ಸಾಮಾನ್ಯವಾದದ್ದನ್ನು ಒಂದೊಂದಾಗಿ ಎಣಿಸಿ ದಾಟಿಸಿ. ಎಣಿಸುವಾಗ ಯಾವುದರ ಮೇಲೆ ಕಣ್ಣು ತಡವರಿಸುತ್ತದೋ ಅಲ್ಲಿ ಮಾತ್ರ ನಿಲ್ಲಿ.

ಸ್ಕೋಪ್ 25–30 ಪಟ್ಟಿನಲ್ಲಿ ಇಡಿ. 60ರಲ್ಲಿ ನೋಟದ ಅಗಲ ಕಿರಿದಾಗಿ ಪಕ್ಕದ ಹಕ್ಕಿ ಕಾಣದೆ ಹೋಗುತ್ತದೆ, ಹೋಲಿಕೆಗೆ ಪಕ್ಕದ ಹಕ್ಕಿಯೇ ನಿಮ್ಮ ಅಳತೆಗೋಲು. ಎಡದಿಂದ ಬಲಕ್ಕೆ ಒಂದು ಸುತ್ತು, ಪ್ರತಿ ಹಕ್ಕಿಗೆ ಮೂರೇ ಪ್ರಶ್ನೆ: ಸ್ಟಿಂಟ್‌ಗಿಂತ ಎಷ್ಟು ದೊಡ್ಡದು? ಕೊಕ್ಕು ತಲೆಯ ಉದ್ದಕ್ಕಿಂತ ಹೆಚ್ಚೋ ಕಡಿಮೆಯೋ? ಮೇಯುವ ಲಯ ಏನು? ಬಣ್ಣ ನಾಲ್ಕನೆಯದು. ಚಳಿಗಾಲದಲ್ಲಿ ಎಲ್ಲವೂ ಬೂದು, ಬಣ್ಣದಿಂದ ಶುರು ಮಾಡಿದವರು ಎಡವುತ್ತಾರೆ.

*ಬ್ರಾಡ್‌ಬಿಲ್ಡ್:* 16–18 ಸೆಂ.ಮೀ., ಲಿಟಲ್ ಸ್ಟಿಂಟ್‌ಗೂ ಕರ್ಲ್ಯೂ ಸ್ಯಾಂಡ್‌ಪೈಪರ್‌ಗೂ ನಡುವೆ. ಕೊಕ್ಕು ನೇರವಾಗಿ ಬಂದು ತುದಿಯಲ್ಲಿ ಮಾತ್ರ ಕೆಳಕ್ಕೆ ಮುರಿದಂತಿರುತ್ತದೆ. ಕರ್ಲ್ಯೂ ಸ್ಯಾಂಡ್‌ಪೈಪರ್‌ದು ಬುಡದಿಂದಲೇ ಹಾಯಾಗಿ ಬಾಗಿದ್ದು. ಹುಬ್ಬುಗೆರೆ ಕಣ್ಣಿನ ಮುಂದೆ ಎರಡಾಗಿ ಸೀಳಿರುತ್ತದೆ, ಚಳಿಗಾಲದಲ್ಲಿ ಇದು ಮಸುಕು. ಈ ಪಟ್ಟಿಯಲ್ಲಿ ನಿಮಗೆ ಮೊದಲು ಸಿಗುವುದು ಬಹುಶಃ ಇದೇ.

*ಗ್ರೇಟ್ ನಾಟ್:* 26–28 ಸೆಂ.ಮೀ. ಕೊಕ್ಕು ತಲೆಗಿಂತ ಸ್ಪಷ್ಟವಾಗಿ ಉದ್ದ, ತುದಿ ಸ್ವಲ್ಪ ಇಳಿದದ್ದು. ಎದೆಯಲ್ಲಿ ಕಪ್ಪು ಚುಕ್ಕೆ ಒತ್ತಾಗಿದ್ದು ಪಕ್ಕೆಗೆ ಇಳಿಯುತ್ತವೆ. ಹಾರುವಾಗ ಬಾಲದ ಬುಡ ಬಿಳಿ. ರೆಡ್ ನಾಟ್ ಆದರೆ ಕೊಕ್ಕು ಹೆಚ್ಚುಕಡಿಮೆ ತಲೆಯಷ್ಟೇ, ಬಾಲದ ಬುಡ ಬೂದು ಗೆರೆಗಳದ್ದು.

*ಏಷ್ಯನ್ ಡೋವಿಚರ್:* ಗಾಡ್‌ವಿಟ್ ಹಿಂಡಿನೊಳಗೆ ನೋಡಿ. 33–36 ಸೆಂ.ಮೀ., ಬಾರ್‌ಟೇಲ್ಡ್ ಗಾಡ್‌ವಿಟ್‌ಗಿಂತ ಒಂದು ಸುತ್ತು ಚಿಕ್ಕದು. ಕೊಕ್ಕು ಕಡ್ಡಿಯಂತೆ ನೇರ, ಕಪ್ಪು, ತುದಿ ತುಸು ಉಬ್ಬಿದ್ದು. ಗಾಡ್‌ವಿಟ್ ಕೊಕ್ಕಿನ ಬುಡ ಗುಲಾಬಿ, ಬಾರ್‌ಟೇಲ್ಡ್‌ನದು ಮೇಲಕ್ಕೆ ತಿರುಗಿದ್ದು. ಆದರೆ ದೂರದಿಂದ ಹಿಡಿದುಕೊಡುವುದು ಲಯ: ಹೊಟ್ಟೆ ಮುಟ್ಟುವ ನೀರಿನಲ್ಲಿ ನಿಂತು, ಇಡೀ ಮುಂಭಾಗವನ್ನೇ ಬಗ್ಗಿಸಿ ಹೊಲಿಗೆ ಯಂತ್ರದ ಸೂಜಿಯ ಹಾಗೆ ಒಂದೇ ಸಮನೆ ಚುಚ್ಚುತ್ತದೆ. ಗಾಡ್‌ವಿಟ್ ಚುಚ್ಚುತ್ತದೆ, ನಿಲ್ಲುತ್ತದೆ, ಎರಡು ಹೆಜ್ಜೆ ನಡೆಯುತ್ತದೆ.

*ಸ್ಪೂನ್‌ಬಿಲ್ಡ್:* ಇಡೀ ಜಗತ್ತಿನಲ್ಲಿ ನೂರುಗಳ ಲೆಕ್ಕದಲ್ಲಿ ಉಳಿದಿರುವ ಹಕ್ಕಿ. ಅನುಮಾನದಿಂದಲೇ ಶುರು ಮಾಡಿ. ಕೊಕ್ಕಿನ ತುದಿಯ ಚಮಚದಾಕಾರ ಕಾಣುವುದು ಎದುರಿನಿಂದ ಅಥವಾ ಮೇಲಿನಿಂದ ಮಾತ್ರ. ಪಕ್ಕದಿಂದ ನೋಡಿದರೆ ಬರೀ ಸ್ವಲ್ಪ ದಪ್ಪ ಕೊಕ್ಕಿನ ಸ್ಟಿಂಟ್. ಹಾಗಾಗಿ ಮೊದಲು ನೋಡಬೇಕಾದ್ದು ದೊಡ್ಡ ತಲೆ, ಅಗಲವಾದ ಬಿಳಿ ಹಣೆ, ಮತ್ತು ತೆಳುನೀರಿನಲ್ಲಿ ತಲೆ ಎತ್ತದೆ ಕೊಕ್ಕನ್ನು ಅತ್ತಿತ್ತ ಆಡಿಸುತ್ತ ತಳ್ಳಿಕೊಂಡು ಹೋಗುವ ರೀತಿ. ಸ್ಟಿಂಟ್ ಕುಟುಕುತ್ತದೆ, ತಲೆ ಎತ್ತುತ್ತದೆ. ಅತಿ ದೊಡ್ಡ ಮೋಸ: ಸ್ಟಿಂಟ್‌ನ ಕೊಕ್ಕಿನ ತುದಿಗೆ ಅಂಟಿದ ಕೆಸರುಂಡೆ. ನಿಜವಾದ ಚಮಚದ ಹಾಗೆಯೇ ಕಾಣುತ್ತದೆ, ಫೋಟೋದಲ್ಲಂತೂ ಇನ್ನೂ ಚೆನ್ನಾಗಿ. ಎರಡು ನಿಮಿಷ ಕಣ್ಣು ತೆಗೆಯಬೇಡಿ, ಉಂಡೆಯಾದರೆ ತೊಳೆದುಹೋಗುತ್ತದೆ ಅಥವಾ ಆಕಾರ ಬದಲಾಗುತ್ತದೆ.

ಕಾಲಿನ ಬಣ್ಣಕ್ಕೂ ಅದೇ ಮಾತು. ಲಾಂಗ್‌ಟೋಡ್ ಸ್ಟಿಂಟ್‌ನ ಹಳದಿ ಕಾಲಿಗೆ ಕೆಸರು ಮೆತ್ತಿದರೆ ಕಪ್ಪು ಕಾಲಿನ ಸ್ಟಿಂಟ್ ಸಿದ್ಧ. ಚಳಿಗಾಲದ ಲಿಟಲ್ ಮತ್ತು ರೆಡ್‌ನೆಕ್ಡ್ ಸ್ಟಿಂಟ್ ಬೇರ್ಪಡಿಸಲು 200 ಮೀಟರಿನಿಂದ ಹೊರಡಬೇಡಿ. "ಸ್ಟಿಂಟ್, ಜಾತಿ ಗೊತ್ತಾಗಲಿಲ್ಲ" ಎಂದು ಬರೆಯುವುದಕ್ಕೆ ನಾಚಿಕೆ ಬೇಕಿಲ್ಲ.

ಕೆಸರುಗಾಲು:

ನಾರ್ಡ್‌ಮನ್ಸ್ ಬಿಟ್ಟುಹೋಯಿತು. ಸಾಮಾನ್ಯ ಗ್ರೀನ್‌ಶ್ಯಾಂಕ್‌ಗಳ ನಡುವೆ ಒಂದಕ್ಕೆ ಕೊಕ್ಕಿನ ಬುಡ ಹಳದಿ ಇದೆ. ಅದಷ್ಟೇ ಸಾಕೇ? ಮೊಣಕಾಲಿನವರೆಗೆ ನೀರಿನಲ್ಲಿದೆ, ಕಾಲು ಕಾಣುತ್ತಿಲ್ಲ.

ಎಣಿಕೆಪಟ್ಟಿ:

ಬೇಕೆಂದೇ ಬಿಟ್ಟೆ, ಅದು ಒಂದು ಪ್ಯಾರಾದಲ್ಲಿ ಮುಗಿಯುವುದಿಲ್ಲ. ಹಳದಿ ಬುಡ ಸಾಲದು. ಸಾಮಾನ್ಯ ಗ್ರೀನ್‌ಶ್ಯಾಂಕ್‌ನ ಕೊಕ್ಕಿನ ಬುಡ ನೀಲಿಬೂದು, ಆದರೆ ಬೆಳಗಿನ ಓರೆ ಬಿಸಿಲಿನಲ್ಲಿ ಅದೇ ಹಳದಿಯಾಗಿ ಕಾಣುತ್ತದೆ. ಈ ಕ್ರಮದಲ್ಲಿ ನೋಡಿ:

ಕೊಕ್ಕಿನ ಬುಡದ *ದಪ್ಪ*, ಬಣ್ಣವಲ್ಲ. ನಾರ್ಡ್‌ಮನ್ಸ್‌ನದು ಬುಡದಲ್ಲಿ ಗಟ್ಟಿಯಾಗಿ ಅಗಲವಾಗಿದ್ದು, ತಲೆಯೂ ಕುತ್ತಿಗೆಯೂ ಅದಕ್ಕೆ ತಕ್ಕಂತೆ ದಪ್ಪ, ಒಟ್ಟು ಹಕ್ಕಿ ಗಿಡ್ಡವಾಗಿ ಮುಂದಕ್ಕೆ ತೂಗಿದಂತಿರುತ್ತದೆ.

ಕಾಲು. ನೀರಿನಿಂದ ಹೊರಬರುವವರೆಗೆ ಕಾಯಿರಿ. ಮೊಣಗಂಟಿನ ಮೇಲಿನ ಭಾಗ ನಾರ್ಡ್‌ಮನ್ಸ್‌ನಲ್ಲಿ ಬಹಳ ಕಡಿಮೆ ಕಾಣುತ್ತದೆ, ಹೊಟ್ಟೆಯ ಕೆಳಗೇ ಗಂಟು ಇದೆಯೇನೋ ಅನ್ನಿಸಬೇಕು. ಸಾಮಾನ್ಯದ್ದಕ್ಕೆ ಅಲ್ಲಿ ಉದ್ದ ಕಡ್ಡಿಗಾಲು. ಬಣ್ಣ ಹಳದಿಯ ಕಡೆಗೆ, ಆದರೆ ಕೆಸರಿನ ಎಚ್ಚರಿಕೆ ಇಲ್ಲೂ ಇದೆ.

ಹಾರಿದಾಗ ಎರಡು ಅಂಶ. ರೆಕ್ಕೆಯ ಅಡಿ ನಾರ್ಡ್‌ಮನ್ಸ್‌ನಲ್ಲಿ ಅಚ್ಚ ಬಿಳಿ, ಸಾಮಾನ್ಯದ್ದರಲ್ಲಿ ಸಣ್ಣ ಗೆರೆಗಳಿಂದ ಮಬ್ಬು. ನಾರ್ಡ್‌ಮನ್ಸ್‌ನ ಬೆರಳು ಬಾಲದ ತುದಿ ದಾಟುವುದೇ ಇಲ್ಲ ಅನ್ನುವಷ್ಟು, ಸಾಮಾನ್ಯದ್ದರ ಪಾದ ಬಾಲದಾಚೆಗೆ ಚಾಚಿರುತ್ತದೆ. ಬೆನ್ನಿನ ಬಿಳಿ ತ್ರಿಕೋನ ಎರಡಕ್ಕೂ ಇದೆ, ಅದನ್ನು ನೋಡಿ ಕುಣಿಯಬೇಡಿ.

ಕೂಗು: ಸಾಮಾನ್ಯದ್ದು ಟ್ಯೂ-ಟ್ಯೂ-ಟ್ಯೂ ಎಂದು ಮೂರು ಸ್ಪಷ್ಟ ಸಿಳ್ಳೆ. ನಾರ್ಡ್‌ಮನ್ಸ್‌ನದು ಒರಟಾದ ಒಂಟಿ ಸದ್ದು.

ಪಾದದ ಪೊರೆಯೂ ಬೇರೆ. ನಾರ್ಡ್‌ಮನ್ಸ್‌ಗೆ ಮುಂದಿನ ಮೂರೂ ಬೆರಳಿನ ನಡುವೆ ಇದೆ, ಸಾಮಾನ್ಯದ್ದಕ್ಕೆ ಹೊರಬೆರಳು ಮತ್ತು ನಡುಬೆರಳಿನ ನಡುವೆ ಮಾತ್ರ. ಅದನ್ನು ಬಯಲಿನಲ್ಲಿ ನೋಡುವ ಭಾಗ್ಯ ಎಲ್ಲರಿಗೂ ಇಲ್ಲ, ಕಾಲೆತ್ತಿದ ಫೋಟೋ ಇದ್ದರೆ ಹಿಗ್ಗಿಸಿ ನೋಡಿ.

ರೆಕ್ಕೆಪುಕ್ಕ:

ರೆಕ್ಕೆಯಡಿ ನೋಡಬೇಕಾದರೆ ಇಪ್ಪತ್ತು ಹೆಜ್ಜೆ ಮುಂದೆ ನಡೆದು ಎಬ್ಬಿಸಿಬಿಟ್ಟರೆ ಆಯಿತಲ್ಲ? ಹಾರುವಾಗ ಕ್ಯಾಮೆರಾದಲ್ಲಿ ಬರ್ಸ್ಟ್ (ಒಂದರ ಹಿಂದೊಂದು ಸರಣಿ ಫೋಟೋ) ಹೊಡೆದರೆ ಎಲ್ಲ ಸಿಗುತ್ತದೆ.

ಅಳಿವೆಬಾಯಿ:

ಸಿಗುವುದಿಲ್ಲ. ಎರಡು ಸಾವಿರ ಹಕ್ಕಿ ಒಟ್ಟಿಗೆ ಎದ್ದರೆ ನಿಮ್ಮದು ಯಾವುದು ಅಂತಲೇ ಗೊತ್ತಾಗುವುದಿಲ್ಲ, ಮೇಲಾಗಿ ಹಿಂಡು ಅದೇ ಜಾಗಕ್ಕೆ ಇಳಿಯುವ ಖಾತ್ರಿಯಿಲ್ಲ. ರೆಕ್ಕೆಯಡಿ ಬೇಕಾದರೆ ಮೈ ತೀಡಿಕೊಳ್ಳುವಾಗ ಕಾಯಿರಿ. ಸ್ನಾನ, ಪುಕ್ಕ ತೀಡುವುದು ಮುಗಿದ ಮೇಲೆ ಹೆಚ್ಚಿನವು ಎರಡೂ ರೆಕ್ಕೆಯನ್ನು ನೇರ ಮೇಲಕ್ಕೆ ಎತ್ತಿ ಒಂದು ಕ್ಷಣ ಹಿಡಿಯುತ್ತವೆ. ನಿಂತ ಹಕ್ಕಿಯ ರೆಕ್ಕೆಯಡಿ, ಬಾಲದ ಬುಡ ಎರಡೂ ಆಗ ಸಿಗುತ್ತವೆ.

ಹಕ್ಕಿಯ ಕಡೆಯಿಂದಲೂ ಯೋಚಿಸಿ. 2022ರಲ್ಲಿ ಟ್ಯಾಗ್ ಹಾಕಿದ ಒಂದು ಮರಿ ಬಾರ್‌ಟೇಲ್ಡ್ ಗಾಡ್‌ವಿಟ್ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 11 ದಿನ ಇಳಿಯದೆ ಸುಮಾರು 13,560 ಕಿ.ಮೀ. ಹಾರಿತು. ಅಂಥ ಹಾರಾಟಕ್ಕೆ ಬೇಕಾದ ಕೊಬ್ಬು ಕೂಡುವುದು ಕೆಸರಿನಲ್ಲಿ ಸಿಗುವ ಕೆಲವೇ ಗಂಟೆಗಳ ಊಟದಿಂದ. ಪ್ರತಿ ಎಬ್ಬಿಸುವಿಕೆಯೂ ಕೂಡಿಟ್ಟದ್ದನ್ನು ಸುಡುತ್ತದೆ, ಊಟದ ಹೊತ್ತನ್ನೂ ತಿನ್ನುತ್ತದೆ. ಗ್ರೇಟ್ ನಾಟ್ ಗಂಡಾಂತರದ ಪಟ್ಟಿ ಸೇರಿದ್ದು ತಂಗುದಾಣ ಕಳೆದುಕೊಂಡೇ. ದಕ್ಷಿಣ ಕೊರಿಯಾದ ಸೇಮಾಂಗಮ್‌ನಲ್ಲಿ 2006ರಲ್ಲಿ 33 ಕಿ.ಮೀ. ಕಡಲಗೋಡೆ ಮುಚ್ಚಿದಾಗ ಹೋದದ್ದು ಅವುಗಳ ಊಟದ ಕೆಸರು.

ಹತ್ತಿರ ಹೋಗಲೇಬೇಕಿದ್ದರೆ ಓರೆಯಾಗಿ ಹೋಗಿ, ನೇರ ಅಲ್ಲ. ಹತ್ತು ಹೆಜ್ಜೆ, ಒಂದು ನಿಮಿಷ ನಿಲ್ಲಿ. ಹತ್ತಿರದ ಹಕ್ಕಿಗಳು ಮೇಯುವುದು ನಿಲ್ಲಿಸಿ ಕುತ್ತಿಗೆ ಎತ್ತಿದವೇ? ಅಲ್ಲೇ ಕೂತುಬಿಡಿ. ಎರಡು ನಿಮಿಷದಲ್ಲಿ ಮತ್ತೆ ಮೇಯಲು ತೊಡಗದಿದ್ದರೆ ಹಿಂದೆ ಸರಿಯಿರಿ. ರೆಡ್‌ಶ್ಯಾಂಕ್ ಮೊದಲು ಕಿರುಚುತ್ತದೆ, ಅದು ಎದ್ದರೆ ಉಳಿದವೂ ಏಳುತ್ತವೆ. ದಾರಿಯಲ್ಲಿ ರೆಡ್‌ಶ್ಯಾಂಕ್ ಇದ್ದರೆ ಸುತ್ತಿ ಹೋಗಿ.

ಮಸುಕುಗಾಜು:

ಎರಡನೇ ಪ್ರಶ್ನೆಗೆ. ಕುದಿಯುವುದು ಸ್ಕೋಪಿನ ದೋಷವಲ್ಲ. ಬಿಸಿಲು ಬಿದ್ದ ಕೆಸರು ಮೇಲಿನ ಗಾಳಿಗಿಂತ ಬೇಗ ಕಾಯುತ್ತದೆ, ಬಿಸಿ ಗಾಳಿಯ ತುಣುಕುಗಳು ಏಳುತ್ತ ಬೆಳಕನ್ನು ಒಂದೊಂದು ಕಡೆಗೆ ಬಾಗಿಸುತ್ತವೆ. ಜೂಮ್ ಹೆಚ್ಚಿಸಿದರೆ ಹಕ್ಕಿಯ ಜೊತೆ ಅಲೆಯೂ ಹಿಗ್ಗುತ್ತದೆ. ದುಬಾರಿ ಗಾಜು ತಂದರೂ ಇದಕ್ಕೆ ಮದ್ದಿಲ್ಲ.

ಮಾಡಬಹುದಾದ್ದು: ದೃಷ್ಟಿಯ ದಾರಿ ಒಣ ಮರಳಿನ ಮೇಲೆ ಹಾಯದಂತೆ ಜಾಗ ಆರಿಸಿ, ನೀರಿನ ಮೇಲೆ ಹಾದರೆ ಅಲೆ ಕಡಿಮೆ. ಬದುವಿನ ಮೇಲೋ ದಿಬ್ಬದ ಮೇಲೋ ನಿಲ್ಲಿ. ನೆಲಕ್ಕೆ ಅಂಟಿದ ಮೊದಲ ಒಂದೆರಡು ಅಡಿ ಗಾಳಿಯಲ್ಲೇ ಕುದಿತ ಹೆಚ್ಚು, ಎತ್ತರದಿಂದ ನೋಡಿದರೆ ಆ ಪದರದಲ್ಲಿ ದೃಷ್ಟಿ ಸಾಗುವ ದೂರ ಕಡಿಮೆಯಾಗುತ್ತದೆ. ಮೋಡ ಕವಿದ ದಿನ ಮಧ್ಯಾಹ್ನವೂ ನೋಡಬಹುದು. ಬಿಸಿಲಿನ ದಿನ ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ, ಮುಳುಗುವ ಮುಂಚಿನ ಒಂದೂವರೆ ಗಂಟೆ, ಅಷ್ಟೇ ಲೆಕ್ಕಕ್ಕೆ. ಬೆಳಿಗ್ಗೆ ಪೂರ್ವ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ, ಸಂಜೆ ಅದಲುಬದಲು. ಎದುರು ಬಿಸಿಲಿನಲ್ಲಿ ಎಲ್ಲ ವೇಡರ್‌ಗಳಿಗೂ ಕಪ್ಪು ಕಾಲು, ಕಪ್ಪು ಕೊಕ್ಕು.

ಟ್ರೈಪಾಡ್‌ನ ನಡುಗಂಬ ಎತ್ತಬೇಡಿ. ಗಾಳಿ ಇದ್ದರೆ ಕಾಲುಗಳನ್ನು ತಗ್ಗಿಸಿ ಕೂತು ನೋಡಿ, ಚೀಲವನ್ನು ನಡುಗಂಬದ ಕೊಕ್ಕೆಗೆ ನೆಲ ಮುಟ್ಟುವಂತೆ ಕಟ್ಟಿ. ತೂಗಾಡುವ ಚೀಲ ನಡುಕವನ್ನು ಹೆಚ್ಚಿಸುತ್ತದೆ. ಕೆಸರಿನಲ್ಲಿ ಟ್ರೈಪಾಡ್ ಕಾಲು ನಿಧಾನಕ್ಕೆ ಹೂತು ನೋಟ ಜಾರುತ್ತಲೇ ಇದ್ದರೆ ಅಡಿಗೆ ಚಪ್ಪಟೆ ಹಲಗೆ ತುಂಡು ಕೊಡಿ.

ಫೋನನ್ನು ಸ್ಕೋಪಿಗೆ ಹಿಡಿದು ಫೋಟೋ ಬದಲು 20 ಸೆಕೆಂಡಿನ 4ಕೆ ವಿಡಿಯೋ ತೆಗೆಯಿರಿ. ಬಿಸಿಲಲೆ ಒಂದೇ ಸಮ ಇರುವುದಿಲ್ಲ, ನಡುನಡುವೆ ಒಂದು ಕ್ಷಣ ತಿಳಿಯಾಗುತ್ತದೆ. ಆ ಫ್ರೇಮುಗಳನ್ನು ಆಮೇಲೆ ಹೆಕ್ಕಿಕೊಳ್ಳಬಹುದು, ಮೇಯುವ ಲಯವೂ ದಾಖಲಾಗುತ್ತದೆ. ಹಕ್ಕಿಯ ಮೇಲೆ ಒತ್ತಿ ಫೋಕಸ್ ಮತ್ತು ಬೆಳಕು ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ತಗ್ಗಿಸಿ. ಇಲ್ಲದಿದ್ದರೆ ಬಿಳಿ ಎದೆ ಸುಟ್ಟುಹೋಗಿ ಚುಕ್ಕೆಗಳು ಮಾಯವಾಗುತ್ತವೆ.

ಎಣಿಕೆಪಟ್ಟಿ:

ಮೂರನೆಯದು, ದಾಖಲೆ. ಹಕ್ಕಿ ಕಣ್ಣೆದುರು ಇರುವಾಗಲೇ, ಪುಸ್ತಕ ಅಥವಾ ಆ್ಯಪ್ ತೆರೆಯುವ *ಮುಂಚೆ* ಬರೆಯಿರಿ. ತೆರೆದ ಮೇಲೆ ಕಣ್ಣು ಚಿತ್ರದಲ್ಲಿರುವುದನ್ನೇ ಹಕ್ಕಿಯಲ್ಲಿ ಕಾಣತೊಡಗುತ್ತದೆ. ಸಮಯ, ದೂರ, ಬೆಳಕು ಯಾವ ಕಡೆಯಿಂದ, ಎಷ್ಟು ಹೊತ್ತು ನೋಡಿದಿರಿ, ಪಕ್ಕದಲ್ಲಿ ಯಾವ ಜಾತಿ ಇತ್ತು, ಅದಕ್ಕಿಂತ ಎಷ್ಟು ದೊಡ್ಡದು. ಆಮೇಲೆ ಕೊಕ್ಕು, ಹುಬ್ಬು, ಎದೆ, ಕಾಲು, ಹಾರಿದಾಗ ಕಂಡದ್ದು. *ಕಾಣದೇ ಇದ್ದದ್ದನ್ನೂ* ಬರೆಯಿರಿ: "ರೆಕ್ಕೆಯಡಿ ನೋಡಲಾಗಲಿಲ್ಲ" ಎಂಬ ಸಾಲು ಇರುವ ಟಿಪ್ಪಣಿಯನ್ನು ಪರಿಶೀಲಕರು ಹೆಚ್ಚು ನಂಬುತ್ತಾರೆ. ಯಾವ ಜಾತಿಯೊಂದಿಗೆ ಗೊಂದಲ ಸಾಧ್ಯವೋ ಅದನ್ನು ಯಾಕೆ ತಳ್ಳಿಹಾಕಿದಿರಿ ಎಂಬ ಎರಡು ಸಾಲು ಕಡ್ಡಾಯ. ಹಕ್ಕಿ ದಾಖಲೆಯ ಜಾಲತಾಣ ಇಬರ್ಡ್‌ನಲ್ಲಿ "ಖಂಡಿತ ಅದೇ" ಎಂದಷ್ಟೇ ಬರೆದರೆ ವಾಪಸು ಪ್ರಶ್ನೆ ಬರುತ್ತದೆ, ಬರಲೇಬೇಕು.

ಋತುವಿನ ಬಗ್ಗೆ ಒಂದು ಮಾತು. ದಕ್ಷಿಣ ಏಷ್ಯಾದ ತೀರಗಳಲ್ಲಿ ಏಪ್ರಿಲ್‌ನಲ್ಲಿ ಹಿಂಡು ಹೊರಡುವ ಮುಂಚೆ ಎಷ್ಟೋ ಹಕ್ಕಿಗಳಿಗೆ ಸಂತಾನಕಾಲದ ಬಣ್ಣ ಬಂದಿರುತ್ತದೆ. ಡೋವಿಚರ್ ಇಟ್ಟಿಗೆಗೆಂಪಾಗುತ್ತದೆ, ಗ್ರೇಟ್ ನಾಟ್‌ನ ಎದೆ ಕಪ್ಪಾಗುತ್ತದೆ. ಡಿಸೆಂಬರ್‌ನಲ್ಲಿ ಒಂದು ಗಂಟೆ ತಿಣುಕಿದ್ದು ಆಗ ಹತ್ತು ಸೆಕೆಂಡಿನ ಕೆಲಸ.

ಕೆಸರುಗಾಲು:

ಕೋಲು ನೆಡುತ್ತೇನೆ. ಕಾಲಿನಲ್ಲಿ ಬಣ್ಣದ ಪಟ್ಟಿ ಇರುವ ಹಕ್ಕಿ ಕಂಡರೆ?

ಮಸುಕುಗಾಜು:

ಅದು ಲೆಗ್ ಫ್ಲ್ಯಾಗ್. ಪಟ್ಟಿ ಎಲ್ಲಿ ಹಾಕಿದ್ದು ಎಂದು ಬಣ್ಣ ಹೇಳುತ್ತದೆ: ಆಸ್ಟ್ರೇಲಿಯಾದ ವಾಯವ್ಯ ತೀರಕ್ಕೆ ಹಳದಿ, ವಿಕ್ಟೋರಿಯಾಕ್ಕೆ ಕಿತ್ತಳೆ, ನ್ಯೂಜಿಲೆಂಡಿಗೆ ಬಿಳಿ. ಸ್ಪೂನ್‌ಬಿಲ್ಡ್‌ಗೆ ರಷ್ಯಾದ ಚುಕೋಟ್ಕಾದಲ್ಲಿ ಹಾಕುವುದು ತಿಳಿಹಸಿರು. ಬರೆಯುವಾಗ *ಹಕ್ಕಿಯ* ಎಡ-ಬಲ, ನಿಮ್ಮದಲ್ಲ. ಎದುರಿಗೆ ನಿಂತ ಹಕ್ಕಿಯಲ್ಲಿ ಇದು ತಿರುಗಿಬಿಡುತ್ತದೆ, ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಗಂಟಿನ ಮೇಲೋ ಕೆಳಗೋ, ಎರಡು ಪಟ್ಟಿ ಇದ್ದರೆ ಯಾವುದು ಮೇಲೆ, ಅಕ್ಷರ-ಅಂಕಿ ಏನು, ಲೋಹದ ಉಂಗುರ ಯಾವ ಕಾಲಿಗೆ. ಹಳೆಯ ಕಿತ್ತಳೆ ಬಿಸಿಲಿಗೆ ಮಾಸಿ ಹಳದಿಯಂತೆ ಕಾಣುತ್ತದೆ, ಬಿಳಿಗೆ ಕೆಸರು ಹಿಡಿದರೆ ಅದೂ ಹಳದಿ. ಖಾತ್ರಿ ಇಲ್ಲದಿದ್ದರೆ "ಕಿತ್ತಳೆ ಅಥವಾ ಹಳದಿ" ಎಂದೇ ಬರೆಯಿರಿ, ಓದಲಾಗದ ಅಕ್ಷರದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಊಹಿಸಿ ತುಂಬಿದ ಒಂದು ಅಕ್ಷರದಿಂದ ಬೇರೊಂದು ಹಕ್ಕಿ ಕಡತದಲ್ಲಿ ನಿಮ್ಮ ಕೆರೆಗೆ ಬಂದುಹೋಗಿರುತ್ತದೆ.